ಮಣ್ಣಿನ ನೆನಪನ್ನು ಲೆಕ್ಕಕ್ಕೆ ತಂದವರು

ಕಂಪ್ಯೂಟರ್‌ನೊಳಗಿನ ಗೋಪುರ ಬೀಳುತ್ತಲೇ ಇತ್ತು!

1990ರ ದಶಕದ ಆರಂಭ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜಾನ್ ಬರ್ಲ್ಯಾಂಡ್ ಮತ್ತು ಡೇವಿಡ್ ಪಾಟ್ಸ್ ಎಂಬ ಇಬ್ಬರು ಎಂಜಿನಿಯರುಗಳು ಇಟಲಿಯ ಪೀಸಾ ಗೋಪುರವನ್ನು ಅದರಡಿಯ ಮಣ್ಣಿನ ಸಮೇತ ಸಮೀಕರಣಗಳಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಅಸಲಿ ಗೋಪುರ ಆಗ ದಕ್ಷಿಣಕ್ಕೆ ಐದೂವರೆ ಡಿಗ್ರಿ ವಾಲಿತ್ತು. ಲೆಕ್ಕದ ಗೋಪುರವೂ ಅದೇ ಹಾದಿಯಲ್ಲಿ ವಾಲುತ್ತಾ ವಾಲುತ್ತಾ 5.44 ಡಿಗ್ರಿಗೆ ಬರುತ್ತಿತ್ತು. ಅಲ್ಲಿಂದಾಚೆ ಏನು ಮಾಡಿದರೂ ನಿಲ್ಲದು, ಉರುಳಿಬೀಳುತ್ತಿತ್ತು. ಎರಡರ ನಡುವಿನ ಅಂತರ ಒಂದು ಡಿಗ್ರಿಯ ನೂರರಲ್ಲಿ ಆರು ಪಾಲು ಮಾತ್ರ! ಎಂಟುನೂರು ವರ್ಷ ಹಳೆಯ ಕಟ್ಟಡ, ಕಾಲಿಟ್ಟರೆ ಹೂತುಹೋಗುವಂಥ ಮೆತ್ತನೆ ಮಣ್ಣು, ಅದರ ಮೇಲೆ ಇಷ್ಟು ಕರಾರುವಾಕ್ಕಾದ ಲೆಕ್ಕ! ಅದು ಹೇಳುತ್ತಿದ್ದ ಸುದ್ದಿ ಮಾತ್ರ ಎದೆ ನಡುಗಿಸುವಂಥದು. ಹದಿನಾಲ್ಕೂವರೆ ಸಾವಿರ ಟನ್ ತೂಕದ ಆ ಅಮೃತಶಿಲೆಯ ಗೋಪುರ ಬೀಳುವ ಅಂಚಿನಲ್ಲೇ ನಿಂತಿತ್ತು.

ಈ ಲೆಕ್ಕ ಬೇಕಾಗಿ ಬಂದದ್ದು ಒಂದು ದುರಂತದಿಂದ. 1989ರ ಮಾರ್ಚ್ 17ರಂದು ಇಟಲಿಯದೇ ಪಾವಿಯಾ ಊರಿನ ಪುರಾತನ ಗೋಪುರ ಯಾವ ಮುನ್ಸೂಚನೆಯನ್ನೂ ಕೊಡದೆ ಕುಸಿದು ನಾಲ್ವರು ಸತ್ತರು. ಸರ್ಕಾರ ಎಚ್ಚೆತ್ತು 1990ರ ಜನವರಿಯಲ್ಲಿ ಪೀಸಾ ಗೋಪುರದ ಬಾಗಿಲು ಹಾಕಿಸಿತು. ಮಿಕೆಲೆ ಯಾಮಿಯೊಲ್ಕೊವ್ಸ್ಕಿ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೂ ರಚನೆಯಾಯಿತು. ಬರ್ಲ್ಯಾಂಡ್ ಅದರ ಸದಸ್ಯರು.

ಸಮಿತಿಗೆ ಕೈಹಾಕಲು ಹೆದರಿಕೆ. ಏಕೆಂದರೆ ಹಿಂದೆ ಕೈಹಾಕಿದವರೆಲ್ಲ ಗೋಪುರವನ್ನು ಇನ್ನಷ್ಟು ವಾಲಿಸಿಯೇ ಹೋಗಿದ್ದರು. 1838ರಲ್ಲಿ ಗೆರಾರ್ದೆಸ್ಕಾ ಎಂಬ ವಾಸ್ತುಶಿಲ್ಪಿ, ನೆಲದಲ್ಲಿ ಹೂತುಹೋಗಿದ್ದ ಕಂಬಗಳ ಬುಡ ಜನರಿಗೆ ಕಾಣಲಿ ಎಂದು ಸುತ್ತಲೂ ತಗ್ಗು ತೋಡಿಸಿದ. ಗೋಪುರ ಸುಮಾರು ಅರ್ಧ ಡಿಗ್ರಿ ಜಗ್ಗಿತು. 1934ರಲ್ಲಿ, ಮುಸೊಲಿನಿಯ ಕಾಲದಲ್ಲಿ, ಪಾಯಕ್ಕೆ ಮುನ್ನೂರಕ್ಕೂ ಹೆಚ್ಚು ತೂತು ಕೊರೆದು ಸಿಮೆಂಟ್ ಹಾಲು ತುಂಬಿದರು. ಗಟ್ಟಿಯಾಗಲಿ ಎಂದು ಮಾಡಿದ ಕೆಲಸಕ್ಕೂ ಗೋಪುರ ಮತ್ತೆ ದಕ್ಷಿಣಕ್ಕೇ ಸರಿಯಿತು. ಇನ್ನೊಂದು ತಪ್ಪಿಗೆ ಅಲ್ಲಿ ಜಾಗವಿರಲಿಲ್ಲ. ಪ್ರಯೋಗ ಮಾಡಿ ನೋಡಲು ಇನ್ನೊಂದು ಪೀಸಾ ಗೋಪುರ ಜಗತ್ತಿನಲ್ಲಿ ಇಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಒಂದನ್ನು ಕಟ್ಟಬೇಕಾಯಿತು.

ಕಟ್ಟುವುದೆಂದರೆ ಮೊದಲು ನೆಲದಡಿಯಿಂದ ಕಟ್ಟಬೇಕು. ಪೀಸಾದ ನೆಲ ಮೂರು ಪದರದ್ದು. ಮೇಲಿನ ಹತ್ತು ಮೀಟರ್ ಹೂಳು, ಮರಳು, ಜೇಡಿ ಬೆರೆತ ಮಣ್ಣು. ನದಿ ಕಡಲು ಸೇರುವಲ್ಲಿ ಉಬ್ಬರ ಇಳಿತಗಳು ತಂದು ಸುರಿದದ್ದು. ಅದರಡಿ ಸುಮಾರು 40 ಮೀಟರ್ ಆಳದವರೆಗೂ ಸಮುದ್ರದಲ್ಲಿ ಶೇಖರವಾದ ಮೆತ್ತನೆಯ ಜೇಡಿಮಣ್ಣು. ಅಲ್ಲಿನವರು ಇದನ್ನು ಪಾಂಕೊನೆ ಎನ್ನುತ್ತಾರೆ. ಅದಕ್ಕೂ ಕೆಳಗೆ ಒತ್ತೊತ್ತಾದ ಮರಳು. ಅಂತರ್ಜಲ ಮೇಲಿನಿಂದ ಒಂದೆರಡು ಮೀಟರಿನಲ್ಲೇ ಸಿಗುತ್ತದೆ. ಬೋರ್ ಕೊರೆದು ನೋಡಿದಾಗ ಕಂಡದ್ದೇನು ಗೊತ್ತೇ? ಹತ್ತು ಮೀಟರಿನ ಆಳದಲ್ಲಿ ಸಮತಟ್ಟಾಗಿ ಹರಡಿರಬೇಕಾದ ಪಾಂಕೊನೆಯ ಮೇಲ್ಮೈ ಗೋಪುರದ ನೇರ ಕೆಳಗೆ ತಗ್ಗಾಗಿ ಕುಳಿಬಿದ್ದಿದೆ. ಗೋಪುರ ಸರಾಸರಿ ಮೂರು ಮೀಟರ್ ನೆಲದೊಳಕ್ಕೆ ಇಳಿದಿದೆ! ಮೂರು ಮೀಟರ್ ಎಂದರೆ ನಮ್ಮ ಮನೆಗಳ ಒಂದು ಅಂತಸ್ತು. ವಾಲಿದ್ದನ್ನು ನೋಡಲು ಲಕ್ಷಾಂತರ ಜನ ಹೋಗುತ್ತಾರೆ. ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಈ ಮಣ್ಣನ್ನು ಕಂಪ್ಯೂಟರಿಗೆ ಹೇಗೆ ವಿವರಿಸುವುದು? ಇಲ್ಲಿಂದ ಮುಂದಿನ ಕತೆಯೇ ನನ್ನನ್ನು ಕಟ್ಟಿಹಾಕಿದ್ದು. ಉಕ್ಕಿನ ಸರಳಿಗೆ ಇಷ್ಟು ಭಾರ ಹಾಕಿದರೆ ಇಷ್ಟು ಉದ್ದವಾಗುತ್ತದೆ. ಭಾರ ತೆಗೆದರೆ ಮೊದಲಿನಂತಾಗುತ್ತದೆ. ಮಣ್ಣು ಹಾಗೆ ನಡೆದುಕೊಳ್ಳುವುದಿಲ್ಲ. ಅದು ಕಣಗಳ ರಾಶಿ, ಕಣಗಳ ನಡುವೆ ನೀರು. ಭಾರ ಬಿದ್ದ ಕೂಡಲೇ ಹೊರೆ ಹೊರುವುದು ನೀರು! ಆ ನೀರು ಮೆಲ್ಲಗೆ ಹಿಂಡಿ ಹೊರಹೋದಂತೆಲ್ಲ ಹೊರೆ ಕಣಗಳ ಹೆಗಲಿಗೆ ದಾಟುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಮರಳಿನಲ್ಲಿ ಇದು ಕ್ಷಣಾರ್ಧದ ಕೆಲಸ. ಜೇಡಿಯಲ್ಲಿ ವರ್ಷಗಳು, ದಶಕಗಳು ಹಿಡಿಯುತ್ತವೆ. ಇದನ್ನು ಮೊದಲು ಗಣಿತಕ್ಕೆ ಇಳಿಸಿದವರು ಕಾರ್ಲ್ ಟೆರ್ಜಾಗಿ. ಮೊದಲ ಮಹಾಯುದ್ಧ ಮುಗಿದ ಕಾಲದಲ್ಲಿ ಇಸ್ತಾಂಬುಲ್‌ನ ರಾಬರ್ಟ್ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಸಿಗಾರ್ ಡಬ್ಬಿ, ಗುಜರಿ ಸಾಮಾನುಗಳಿಂದ ಉಪಕರಣ ಜೋಡಿಸಿಕೊಂಡು ಅವರು ಜೇಡಿಮಣ್ಣನ್ನು ಹಿಂಡಿ ಅಳೆಯುತ್ತಿದ್ದರು. 1925ರಲ್ಲಿ ಅವರ ಪುಸ್ತಕ ಬಂತು. ಮಣ್ಣಿನ ಯಂತ್ರಶಾಸ್ತ್ರ ಅಲ್ಲಿಂದ ಶುರುವಾಯಿತು.

ಇನ್ನೂ ಸೋಜಿಗದ ಸಂಗತಿ ಒಂದಿದೆ. ಜೇಡಿಮಣ್ಣಿಗೆ ನೆನಪಿದೆ! ತನ್ನ ಮೇಲೆ ಎಂದೋ ಬಿದ್ದಿದ್ದ ಅತಿ ಹೆಚ್ಚಿನ ಭಾರವನ್ನು ಅದು ಮರೆಯುವುದಿಲ್ಲ. ಆ ಭಾರದೊಳಗೆ ಎಷ್ಟು ಹೇರಿದರೂ ಬಿಗಿಯಾಗಿ ತಡೆದು ನಿಲ್ಲುತ್ತದೆ. ಆ ಹಳೆಯ ಗೆರೆ ದಾಟಿದ ಕ್ಷಣ ಸಡಿಲಗೊಂಡು ಕುಸಿಯತೊಡಗುತ್ತದೆ, ಕುಸಿಯುತ್ತಲೇ ಹೊಸ ಗೆರೆಯನ್ನು ನೆನಪಿಗೆ ಬರೆದುಕೊಳ್ಳುತ್ತದೆ. ಸಾವಿರಾರು ವರ್ಷಗಳ ಹಿಂದೆ ಮೇಲಿದ್ದು ಕರಗಿಹೋದ ಹಿಮರಾಶಿಯ ತೂಕವನ್ನು ಕೂಡ ಇವತ್ತು ಪ್ರಯೋಗಾಲಯದಲ್ಲಿ ಒಂದು ಹಿಡಿ ಜೇಡಿಯಿಂದ ಹೊರತೆಗೆಯಬಹುದು.

ಈ ನೆನಪಿಗೆ ಸಮೀಕರಣ ಬರೆದವರು ಕೇಂಬ್ರಿಜ್‌ನವರು. ಕೆನೆತ್ ರಾಸ್ಕೋ, ಆಂಡ್ರ್ಯೂ ಸ್ಕೋಫೀಲ್ಡ್, ಪೀಟರ್ ರಾತ್ 1958ರಲ್ಲಿ ತಳಹದಿ ಹಾಕಿದರು. ಆ ಊರಿನ ಕ್ಯಾಮ್ ನದಿಯ ಹೆಸರಿನಲ್ಲಿ ಅದರಿಂದ ಬೆಳೆದ ಮಾದರಿಗೆ ಕ್ಯಾಮ್ ಕ್ಲೇ ಎಂದು ಹೆಸರಾಯಿತು. ಒಂದು ಮೊಟ್ಟೆಯಾಕಾರದ ಗೆರೆ, ಬೆರಳೆಣಿಕೆಯ ಅಂಕಿಗಳು, ಅಷ್ಟೇ. ಅದರೊಳಗೆ ಜೇಡಿಮಣ್ಣು ಗಟ್ಟಿಯಾಗುವುದು, ಹಿಗ್ಗುವುದು, ಸೋಲುವುದು ಎಲ್ಲ ಬಂದುಬಿಡುತ್ತವೆ. 1968ರಲ್ಲಿ ರಾಸ್ಕೋ ಜೊತೆ ಸೇರಿ ಅದನ್ನು ತಿದ್ದಿ ಇಂದಿಗೂ ಬಳಕೆಯಲ್ಲಿರುವ ರೂಪ ಕೊಟ್ಟ ಯುವಕ ಯಾರು? ದಕ್ಷಿಣ ಆಫ್ರಿಕಾದಲ್ಲಿ ಓದಿ ಕೇಂಬ್ರಿಜ್‌ಗೆ ಬಂದಿದ್ದ ಜಾನ್ ಬರ್ಲ್ಯಾಂಡ್. ಇಪ್ಪತ್ತೆರಡು ವರ್ಷಗಳ ನಂತರ ಪೀಸಾದ ಸಮಿತಿಯಲ್ಲಿ ಕೂತವರೂ ಅವರೇ!

ಕಂಪ್ಯೂಟರ್ ಒಳಗೆ ಆಗುವುದಿಷ್ಟು. ಗೋಪುರದಡಿಯ ನೆಲವನ್ನು ಸಣ್ಣ ಸಣ್ಣ ತುಂಡುಗಳ ಬಲೆಯಾಗಿ ಭಾಗಿಸುತ್ತಾರೆ. ಫೈನೈಟ್ ಎಲಿಮೆಂಟ್ ಎಂದು ಎಂಜಿನಿಯರುಗಳು ಕರೆಯುವ ವಿಧಾನ ಇದೇ. ಪಾಯದ ಹತ್ತಿರ ಪುಟ್ಟ ತುಂಡುಗಳು, ದೂರ ಹೋದಂತೆ ದೊಡ್ಡವು. ಒಂದೊಂದು ತುಂಡಿಗೂ ತನ್ನದೇ ಲೆಕ್ಕದ ಪುಸ್ತಕ: ಈಗ ಎಷ್ಟು ಒತ್ತಡ, ರಂಧ್ರಗಳಲ್ಲಿ ನೀರಿನ ಒತ್ತಡ ಎಷ್ಟು, ಹಿಂದೆ ಹೊತ್ತ ಅತಿ ಹೆಚ್ಚಿನ ಭಾರ ಎಷ್ಟು. ಮೇಲೆ ಒಂದು ಸುತ್ತು ಕಲ್ಲು ಏರಿಸಿದರೆ ಎಲ್ಲ ತುಂಡುಗಳೂ ಅಕ್ಕಪಕ್ಕದವನ್ನು ಒತ್ತುತ್ತವೆ. ಎಲ್ಲವೂ ಒಂದಕ್ಕೊಂದು ಸರಿದೂಗುವವರೆಗೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಆಮೇಲೆ ಕಾಲವನ್ನು ಒಂದು ಹೆಜ್ಜೆ ಮುಂದೆ ದೂಡಿ, ನೀರು ಒಂದಿಷ್ಟು ಹರಿದುಹೋಗಲು ಬಿಟ್ಟು, ಮತ್ತೆ ಬಿಡಿಸಬೇಕು. ಗೋಪುರ ಕೂದಲೆಳೆಯಷ್ಟು ವಾಲಿತೋ, ಅದರ ತೂಕ ಆ ಕಡೆಗೆ ಜರುಗಿತು. ಆ ಜರುಗಿದ ತೂಕವನ್ನು ಸೇರಿಸಿ ಪುನಃ ಮೊದಲಿನಿಂದ. ಹೀಗೆ 1173ರಿಂದ 1990ರವರೆಗೆ!

ಆದರೆ ಲೆಕ್ಕ ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಹನ್ನೆರಡನೇ ಶತಮಾನದಲ್ಲಿ ವಾಲಿಕೆ ಅಳೆದು ಬರೆದಿಟ್ಟವರಿಲ್ಲ. ಇಲ್ಲಿ ಕೈಹಿಡಿದವರು ಗಾರೆಕೆಲಸದವರು. ಕಟ್ಟುತ್ತಿದ್ದಾಗಲೇ ಗೋಪುರ ಒಂದು ಕಡೆ ಇಳಿಯುತ್ತಿರುವುದು ಅವರಿಗೆ ಗೊತ್ತಾಗುತ್ತಿತ್ತು. ಪ್ರತಿ ಹಂತದಲ್ಲೂ ತೂಗುಗುಂಡು ಬಿಟ್ಟು ನೋಡಿ, ಒಂದು ಪಕ್ಕದ ಕಲ್ಲನ್ನು ತುಸು ದಪ್ಪ, ಇನ್ನೊಂದು ಪಕ್ಕದ್ದನ್ನು ತುಸು ತೆಳುವಾಗಿ ಕಡಿದು ಮಟ್ಟಕ್ಕೆ ತರುತ್ತಿದ್ದರು. ಹಾಗಾಗಿ ಗೋಪುರ ನೆಟ್ಟಗೆ ವಾಲಿಲ್ಲ, ಬಾಗಿದೆ. ತುದಿಯ ಘಂಟಾಗೃಹಕ್ಕೆ ಏರುವಲ್ಲಿ ಉತ್ತರದ ಕಡೆ ನಾಲ್ಕು ಮೆಟ್ಟಿಲು, ದಕ್ಷಿಣದ ಕಡೆ ಆರು! ಯಾರೋ ಹೆಸರಿಲ್ಲದ ಮೇಸ್ತ್ರಿ ಆರು ಶತಮಾನಗಳ ಹಿಂದೆ ಮಾಡಿದ ತಿದ್ದುಪಡಿ ಅದು. ಕಲ್ಲಿನ ಒಂದೊಂದು ವರಸೆಯ ದಪ್ಪ ಅಳೆದರೆ ಆ ವರಸೆ ಇಡುವಾಗ ಗೋಪುರ ಎಷ್ಟು, ಯಾವ ಕಡೆ ವಾಲಿತ್ತು ಎಂಬುದು ಹೊರಬೀಳುತ್ತದೆ. ಅಳೆದರು. ಗೋಪುರದ ಜಾತಕ ಸಿಕ್ಕಿತು. ಮೊದಲ ಹಂತದಲ್ಲಿ ಅದು ವಾಲಿದ್ದು ದಕ್ಷಿಣಕ್ಕಲ್ಲ, ತುಸು ಉತ್ತರಕ್ಕೆ! 1272ರಲ್ಲಿ ಕೆಲಸ ಮತ್ತೆ ಶುರುವಾದ ಮೇಲೆ ದಕ್ಷಿಣಕ್ಕೆ ಹೊರಳಿತು. 1360ರ ನಂತರ ಘಂಟಾಗೃಹ ಏರುತ್ತಿದ್ದಂತೆ ವಾಲಿಕೆ ದಿಢೀರನೆ ಹೆಚ್ಚಿತು. ಈ ಜಾತಕವನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕದ ಗೋಪುರವನ್ನು ಕಟ್ಟಿದರು.

ಆಗ ಹೊರಬಂದದ್ದು ಇಡೀ ಕತೆಯಲ್ಲಿ ನನಗೆ ಅತ್ಯಂತ ಅದ್ಭುತವೆನಿಸಿದ ಸಂಗತಿ. 1178ರ ಹೊತ್ತಿಗೆ ನಾಲ್ಕನೇ ಅಂತಸ್ತಿನ ಬುಡದಲ್ಲಿ ಕೆಲಸ ನಿಂತಿತ್ತು. ಸುಮಾರು ನೂರು ವರ್ಷ ಹಾಗೇ ಬಿಟ್ಟಿದ್ದರು. 1278ರಲ್ಲಿ ಏಳನೆಯ ಅಂತಸ್ತು ಮುಗಿದಾಗ ಮತ್ತೊಮ್ಮೆ ನಿಂತಿತು, ಮತ್ತೆ ಎಂಬತ್ತು ವರ್ಷ. ನಿಲ್ಲಿಸದೆ ಕಟ್ಟಿದ್ದರೆ? 1178ರಲ್ಲೇ ಬೀಳುತ್ತಿತ್ತು ಎನ್ನುತ್ತದೆ ಲೆಕ್ಕ. ಅಂದು ಬಚಾವಾಗಿದ್ದರೂ 1278ರಲ್ಲಿ ಬೀಳುತ್ತಿತ್ತು. ಆ ಶತಮಾನದ ಬಿಡುವಿನಲ್ಲಿ ಪಾಂಕೊನೆಯೊಳಗಿನ ನೀರು ಹನಿಹನಿಯಾಗಿ ಹಿಂಡಿ ಹೋಗಿ, ಜೇಡಿ ಬಲಿತು, ಮುಂದಿನ ಹೊರೆಗೆ ಸಿದ್ಧವಾಗಿತ್ತು. ಕಟ್ಟುವವರು ಕೈಬಿಟ್ಟದ್ದೇ ಗೋಪುರಕ್ಕೆ ಜೀವದಾನವಾಯಿತು. ಎರಡು ಸಲ!

ವಾಲಿದ್ದಕ್ಕೆ ಕಾರಣವೂ ಸಿಕ್ಕಿತು. ದಕ್ಷಿಣದ ಮಣ್ಣು ಬಡವಾಗಿತ್ತು, ಅದಕ್ಕೇ ಕುಸಿಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ತೋರಿಸಿದ್ದು ಬೇರೆ. ಹತ್ತಿಯ ಹಾಸಿಗೆಯ ಮೇಲೆ ಮಕ್ಕಳು ಮರದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಒಂದು ಎತ್ತರದಲ್ಲಿ ಉರುಳಲೇಬೇಕು. ಎಷ್ಟು ನೇರವಾಗಿ ಜೋಡಿಸಿದರೂ ಅಷ್ಟೇ. ಅಲ್ಲಿ ಹಾಸಿಗೆ ಹರಿಯುವುದಿಲ್ಲ, ಮೆತ್ತಗಿರುತ್ತದೆ ಅಷ್ಟೇ. ಪೀಸಾದ್ದೂ ಅದೇ ಕಾಯಿಲೆ. ಮೇಲಿನ ಪದರದಲ್ಲಿನ ಅತಿ ಸಣ್ಣ ವ್ಯತ್ಯಾಸ ಯಾವ ದಿಕ್ಕಿಗೆ ಎಂದು ತೀರ್ಮಾನಿಸಿತು. ವಾಲುವುದು ಆ ಎತ್ತರದ, ಆ ತೂಕದ ಗೋಪುರಕ್ಕೆ ಆ ನೆಲದಲ್ಲಿ ತಪ್ಪುತ್ತಿರಲಿಲ್ಲ.

ಇನ್ನು ಚಿಕಿತ್ಸೆ. ದಶಕಗಳ ಅಳತೆಗಳನ್ನು ಜೋಡಿಸಿ ನೋಡಿದಾಗ ಬರ್ಲ್ಯಾಂಡ್‌ಗೆ ಇನ್ನೊಂದು ಕಂಡಿತು. ಪಾಯದ ಉತ್ತರ ಅಂಚು ಮೇಲೇಳುತ್ತಿತ್ತು! ಎಲ್ಲರ ಗಮನ ಇಳಿಯುವ ದಕ್ಷಿಣದ ಮೇಲಿತ್ತು. ಹಾಗಾದರೆ ಏಳುವ ಕಡೆ ಭಾರ ಹೇರಿದರಾಯಿತಲ್ಲ? ಮಾದರಿಯಲ್ಲಿ ಮೊದಲು ಹೇರಿ ನೋಡಿದರು, ಅಪಾಯವಿಲ್ಲ ಎಂದಿತು. 1993ರ ಮೇ ತಿಂಗಳಿಂದ ಉತ್ತರದ ಬುಡದಲ್ಲಿ ಕಾಂಕ್ರೀಟ್ ಉಂಗುರ ಕಟ್ಟಿ ಅದರ ಮೇಲೆ ಸೀಸದ ಗಟ್ಟಿಗಳನ್ನು ಒಂದೊಂದಾಗಿ ಇಟ್ಟರು. ಒಟ್ಟು 600 ಟನ್. ನೋಡಲು ಚೆಂದವಿರಲಿಲ್ಲ, ನಿಜ. ಆದರೆ ಎಂಟು ಶತಮಾನಗಳಲ್ಲಿ ಮೊದಲ ಬಾರಿಗೆ ಮನುಷ್ಯರು ಮಾಡಿದ ಕೆಲಸಕ್ಕೆ ಗೋಪುರ ಉತ್ತರಕ್ಕೆ ಅಲುಗಿತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೀಸ ಕಣ್ಣಿಗೆ ಚುಚ್ಚುತ್ತದೆ, ಅದರ ಬದಲು ನೆಲದಾಳಕ್ಕೆ ಉಕ್ಕಿನ ಆಂಕರ್ ಇಳಿಸೋಣ ಎಂದು ಹೊರಟರು. ತೋಡುವಾಗ ನೀರು ನುಗ್ಗದಂತೆ ದ್ರವ ಸಾರಜನಕದಿಂದ ನೆಲವನ್ನೇ ಹೆಪ್ಪುಗಟ್ಟಿಸಿದರು. 1995ರ ಸೆಪ್ಟೆಂಬರ್. ಒಂದೇ ರಾತ್ರಿಯಲ್ಲಿ ಗೋಪುರ ಒಂದು ವರ್ಷದಷ್ಟು ದಕ್ಷಿಣಕ್ಕೆ ಸರಿಯಿತು! ಕೆಲಸ ನಿಲ್ಲಿಸಿ, ಸೀಸವನ್ನು 900 ಟನ್ನಿನವರೆಗೆ ಏರಿಸಿ, ಹೇಗೋ ಹಿಡಿದು ನಿಲ್ಲಿಸಿದರು. ಎಂಜಿನಿಯರುಗಳ ನಡುವೆ ಇಂದಿಗೂ ಅದು ಕರಾಳ ಸೆಪ್ಟೆಂಬರ್.

ಉಳಿದದ್ದು ಒಂದು ಹಳೆಯ, ಹುಚ್ಚು ಎನಿಸುವ ಸಲಹೆ. ಫೆರ್ನಾಂಡೊ ಟೆರ್ರಾಚಿನಾ ಎಂಬ ಇಟಲಿಯ ಎಂಜಿನಿಯರ್ 1962ರಲ್ಲೇ ಹೇಳಿದ್ದರು: ಎತ್ತರವಾಗಿರುವ ಉತ್ತರದ ಕಡೆ ಪಾಯದಡಿಯ ಮಣ್ಣನ್ನೇ ಸ್ವಲ್ಪ ಸ್ವಲ್ಪ ತೆಗೆಯಿರಿ. ಬೀಳುವಂತಿರುವ ಗೋಪುರದ ಬುಡದಿಂದ ಮಣ್ಣು ತೆಗೆಯುವುದೇ! ಯಾರಿಗೆ ತಾನೇ ಧೈರ್ಯ ಬಂದೀತು? ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ಒಂದು ಗುಪ್ತ ಗೆರೆ ಪತ್ತೆಯಾಯಿತು. ಪಾಯದ ಉತ್ತರ ಅಂಚಿನಿಂದ ಒಳಕ್ಕೆ, ಪಾಯದ ತ್ರಿಜ್ಯದ ಅರ್ಧದಷ್ಟು ದೂರದಲ್ಲಿ ಆ ಗೆರೆ ಇದೆ. ಅದರ ಉತ್ತರಕ್ಕೆ ಎಲ್ಲೇ ಮಣ್ಣು ತೆಗೆದರೂ ಗೋಪುರ ನೆಟ್ಟಗಾಗುತ್ತದೆ. ಗೆರೆ ದಾಟಿ ದಕ್ಷಿಣಕ್ಕೆ ಕೊರೆದಿರೋ, ಬೀಳುವತ್ತ ಹೊರಳುತ್ತದೆ. ನೆಲದ ಮೇಲೆ ಇಂಥದ್ದೊಂದು ಗೆರೆಯ ಗುರುತೇ ಇಲ್ಲ. ಯಾವ ಅಗೆತದಲ್ಲೂ ಅದು ಕಾಣಸಿಗುವುದಿಲ್ಲ. ಲೆಕ್ಕದೊಳಗೆ ಇಳಿದವರಿಗಷ್ಟೇ ಕಂಡದ್ದು.

1999ರ ಫೆಬ್ರವರಿಯಲ್ಲಿ ಕೆಲಸ ಹಿಡಿದರು. ಓರೆಯಾಗಿ ನೆಲಕ್ಕಿಳಿದ ಉಕ್ಕಿನ ಕೊಳವೆ, ಅದರೊಳಗೆ ತಿರುಗುವ ಸುರುಳಿ ಬೈರಿಗೆ. ಬೈರಿಗೆ ಒಂದಿಷ್ಟು ಮಣ್ಣು ಹಿಡಿದುಕೊಂಡು ಹಿಂದೆ ಸರಿಯುತ್ತದೆ. ಬಿಟ್ಟ ಜಾಗ ಕೆಲ ಹೊತ್ತಿನಲ್ಲಿ ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಗೋಪುರ ಎಷ್ಟು ಅಲುಗಿತೆಂದು ಉಪಕರಣಗಳು ಹೇಳುತ್ತವೆ. ಅದನ್ನು ನೋಡಿಯೇ ಮುಂದಿನ ಹಿಡಿ ಮಣ್ಣನ್ನು ಎಲ್ಲಿಂದ, ಎಷ್ಟು ತೆಗೆಯಬೇಕೆಂಬ ತೀರ್ಮಾನ. ಮುಂಜಾಗ್ರತೆಗೆ ಉಕ್ಕಿನ ಹಗ್ಗಗಳನ್ನು ಸುತ್ತಿದ್ದರು. ಮೊದಲು ಹನ್ನೆರಡು ಕೊಳವೆಗಳಲ್ಲಿ ಪರೀಕ್ಷೆ. ಗೋಪುರ ಉತ್ತರಕ್ಕೆ ಬಾಗಿತು, ಲೆಕ್ಕ ಹೇಳಿದ ದಿಕ್ಕಿಗೇ! 2000ದಲ್ಲಿ 41 ಕೊಳವೆಗಳೊಂದಿಗೆ ಪೂರ್ಣ ಕೆಲಸ ಶುರು. 2001ರ ಜೂನ್ ವೇಳೆಗೆ ಮುಗಿದಾಗ ತೆಗೆದಿದ್ದ ಮಣ್ಣು ಒಟ್ಟು 38 ಘನ ಮೀಟರ್. ನಮ್ಮ ಕಡೆಯ ಟಿಪ್ಪರ್ ಲಾರಿಗಳಿಗೆ ಹತ್ತು ಲೋಡೂ ಆಗದು! ಅಷ್ಟಕ್ಕೆ ಗೋಪುರ ಅರ್ಧ ಡಿಗ್ರಿ ಹಿಂದಕ್ಕೆ ಬಂದು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇದ್ದ ಸ್ಥಿತಿಗೆ ಮರಳಿತು. ಸೀಸ ತೆಗೆದರು, ಹಗ್ಗ ಬಿಚ್ಚಿದರು. 2001ರ ಡಿಸೆಂಬರ್ 15ರಂದು ಬಾಗಿಲು ತೆರೆಯಿತು.

ಮಣ್ಣಿಗೆ ಇಷ್ಟಾದರೆ ಬಂಡೆಗೆ? ಬಂಡೆಯ ಕಷ್ಟ ಬೇರೆ. ಅದು ಒಂದೇ ಗಟ್ಟಿ ವಸ್ತುವಲ್ಲ. ಬಿರುಕುಗಳಿಂದ ಬೇರೆಬೇರೆಯಾದ ತುಂಡುಗಳ ಜೋಡಣೆ. ಒಂದು ತುಂಡು ಜಾರಿದರೆ ಎಲ್ಲದರ ಹೊರೆಯೂ ಬದಲಾಗುತ್ತದೆ. 1971ರಲ್ಲಿ ಪೀಟರ್ ಕಂಡಾಲ್, ಅವರೂ ಇಂಪೀರಿಯಲ್ ಕಾಲೇಜಿನವರೇ, ಒಂದು ದಿಟ್ಟ ದಾರಿ ಹಿಡಿದರು. ಪ್ರತಿ ತುಂಡನ್ನೂ ಬಿಡಿಯಾಗಿ ಬಿಡಿ, ಯಾವುದು ಯಾವುದಕ್ಕೆ ತಾಗುತ್ತದೆ, ಎಷ್ಟು ಬಲದಿಂದ ತಾಗುತ್ತದೆ ನೋಡಿ, ನ್ಯೂಟನ್ನನ ನಿಯಮ ಹಚ್ಚಿ ಅತಿ ಸಣ್ಣ ಕ್ಷಣದಷ್ಟು ಸರಿಸಿ, ಮತ್ತೆ ನೋಡಿ. ಇದನ್ನೇ ಸಾವಿರ, ಲಕ್ಷ ಸಲ. ಕೊನೆಗೆ ಗುಡ್ಡವೊಂದು ಕಣ್ಣೆದುರೇ ಜಾರುತ್ತದೆ, ಸುರಂಗದ ಚಾವಣಿ ಕಳಚುತ್ತದೆ! ಎಲ್ಲಿ ಬಿರುಕು ಬಿಡಬೇಕೆಂದು ಯಾರೂ ಮೊದಲೇ ಹೇಳಿಕೊಟ್ಟಿರುವುದಿಲ್ಲ.

ಬಂಡೆಯ ಒತ್ತಡ ಎಂದರೆ ಏನೆಂದು ಕೋಲಾರದ ಚಿನ್ನದ ಗಣಿಯವರಿಗೆ ಯಾರೂ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ ಮೂರು ಕಿಲೋಮೀಟರಿಗೂ ಆಳದಲ್ಲಿ ಕೆಲಸ ಮಾಡಿದವರು ಅವರು. ಸುತ್ತಲಿನ ಒತ್ತಡ ತಾಳದೆ ಅಲ್ಲಿ ಬಂಡೆ ಸಿಡಿಯುತ್ತಿತ್ತು, ಕಾರ್ಮಿಕರ ಜೀವ ಹೋಗುತ್ತಿತ್ತು. ಬಂಡೆಯ ನಡವಳಿಕೆಯ ಅಧ್ಯಯನಕ್ಕೆಂದೇ ಇರುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಗಣಿ 2001ರಲ್ಲಿ ಮುಚ್ಚಿತು. ಸಂಸ್ಥೆ ಉಳಿದಿದೆ, ಗುಡ್ಡದ ಹೊಟ್ಟೆಯಲ್ಲಿ ಜಲವಿದ್ಯುತ್ ಘಟಕಕ್ಕೆ ಗುಹೆ ತೋಡುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ತೋಡಿ ನೋಡುವ ಕೆಲಸ ಅಲ್ಲಿ ನಡೆಯುತ್ತದೆ.

ಪೀಸಾದ ಲೆಕ್ಕ ಅಷ್ಟು ನಿಖರವಾಗಿ ಬಂದದ್ದಕ್ಕೆ ಒಂದು ಕಾರಣವಿದೆ. ಆ ನೆಲದಷ್ಟು ಕೊರೆದು, ಹಿಂಡಿ, ಅಳೆದ ನೆಲ ಜಗತ್ತಿನಲ್ಲಿ ಹೆಚ್ಚಿಲ್ಲ. ಎಷ್ಟೇ ದೊಡ್ಡ ಕಂಪ್ಯೂಟರಾದರೂ ಮಣ್ಣಿನ ನೆನಪನ್ನು ತಾನಾಗಿ ಊಹಿಸಲಾರದು. ಯಾರೋ ನೆಲದಾಳದಿಂದ, ಕದಡದಂತೆ, ಒಂದು ಕೊಳವೆ ಮಣ್ಣು ತೆಗೆದುಕೊಡಬೇಕು. ನೀವು ಮನೆ ಕಟ್ಟುವವರಿದ್ದರೆ, ಅದರಲ್ಲೂ ಕೆರೆ ಮುಚ್ಚಿದ ಜಾಗದಲ್ಲೋ ಮಣ್ಣು ತುಂಬಿಸಿದ ನಿವೇಶನದಲ್ಲೋ ಕಟ್ಟುವವರಿದ್ದರೆ, ಪಾಯ ತೋಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರದಿಯನ್ನು ಎಂಜಿನಿಯರ್ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಎಷ್ಟು ಆಳದವರೆಗೆ ಕೊರೆದರು, ನೀರು ಎಲ್ಲಿ ಸಿಕ್ಕಿತು, ಕೆಳಗೆ ಜೇಡಿ ಇದೆಯೇ, ಇದ್ದರೆ ಅದು ಹಿಂದೆ ಎಷ್ಟು ಭಾರ ಹೊತ್ತಿದೆ ಎಂದು ಪಕ್ಕದಲ್ಲಿ ಕೂತು ಕೇಳಿ.